ಪಾಚಿಯ ಬೆಳೆ: ಮನೆಯೊಳಗಿನ ಸೀಸೆ, ಅಂಗಳದ ಟಾಕಿ

(ಹುಪರಿಯಲ್ಲಿ ನಡೆದ ಬೆಳೆಗಾರ ಸಭಾಸದರ ಸಭೆಯಲ್ಲಿ ಸಭಾಸದರೊಬ್ಬರು ಮಾಡಿದ ಭಾಷಣದ ಬರಹರೂಪ)



ಕಬ್ಬಿನ ಬಗ್ಗೆ ಮಾತನಾಡು ಎಂದಿದ್ದರೆ ನಾನು ಎದ್ದು ನಿಲ್ಲುತ್ತಿರಲಿಲ್ಲ. ಆ ವಿಷಯದಲ್ಲಿ ನನಗಿಂತ ಬಲ್ಲವರು ಇಲ್ಲಿ ನೂರಾರು ಮಂದಿ ಇದ್ದೀರಿ. ಪಾಚಿಯ ಬಗ್ಗೆ ನಾಲ್ಕು ಮಾತು ಹೇಳು ಎಂದು ಅಪ್ಪಣೆಯಾದ್ದರಿಂದ ಧೈರ್ಯ ಮಾಡಿದ್ದೇನೆ. ಪಾಚಿಯ ಮೇಲೆ ಕಾಲು ಜಾರಿ ಬಿದ್ದವನು ಈ ಸಭೆಯಲ್ಲಿ ಬಹುಶಃ ನಾನೊಬ್ಬನೇ!

ವಿಷಯ ಹಾಸ್ಯದ್ದಲ್ಲ. ಈಚೆಗೆ ನಮ್ಮ ಊರುಗಳಲ್ಲಿ ಸ್ಪಿರುಲಿನಾ ಎಂಬ ಹೆಸರು ಕೇಳಿಬರುತ್ತಿದೆ. ಹತ್ತು ಗುಂಟೆ ಕಬ್ಬು ತೆಗೆದು ಟಾಕಿ ಕಟ್ಟಿಸಿರಿ, ಇಲ್ಲವೆ ಮನೆಯ ಒಂದು ಕೋಣೆಯಲ್ಲಿ ದೀಪ ಹಚ್ಚಿದ ಗಾಜಿನ ಯಂತ್ರ ಇಡಿರಿ, ಬೆಳೆದದ್ದನ್ನೆಲ್ಲ ನಾವೇ ಕೊಳ್ಳುತ್ತೇವೆ ಎಂದು ಹೇಳುವವರು ಬಂದು ಹೋಗುತ್ತಾರೆ. ಮೊಬೈಲಿನಲ್ಲಿ ಹಸಿರು ನೀರಿನ ಚಿತ್ರ ತೋರಿಸುತ್ತಾರೆ. ನಮ್ಮೂರಿನ ಒಬ್ಬ ತರುಣ ಕಬ್ಬಿನ ಬಿಲ್ಲು ಕೈಗೆ ಬರುವ ಮೊದಲೇ ಇದಕ್ಕೆ ಮುಂಗಡ ಕೊಟ್ಟು ಬಂದ. ಅವನ ತಂದೆ ನನ್ನ ಬಳಿ ಬಂದು, "ಮಾಸ್ತರ, ನೀವು ಮಾಡಿ ನೋಡಿದವರು, ಖರೆ ಏನು ಹೇಳ್ರಿ" ಎಂದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಹೇಳುತ್ತೇನೆ.

ಮೊದಲು ಪಾಚಿ ಅಂದರೇನು ಎಂಬುದು. ಬಾವಿಯ ಮೆಟ್ಟಿಲ ಮೇಲೆ, ದನದ ತೊಟ್ಟಿಯ ಅಂಚಿನಲ್ಲಿ ಹಸಿರಾಗಿ ಜಾರುವುದನ್ನು ಪಾಚಿ ಎನ್ನುತ್ತೇವೆ, ಮರಾಠಿಯಲ್ಲಿ ಶೇವಾಳ. ನಾನು ಹೇಳುವುದು ಅದರಲ್ಲೇ ಕಣ್ಣಿಗೆ ಒಂದೊಂದಾಗಿ ಕಾಣದಷ್ಟು ಸಣ್ಣ ಜಾತಿಗಳನ್ನು. ಬೇರಿಲ್ಲ, ಕಾಂಡವಿಲ್ಲ, ಎಲೆಯಿಲ್ಲ. ಇಡೀ ಮೈಯೇ ಎಲೆ. ಕಬ್ಬಿನ ಗರಿ ಮಾಡುವ ಕೆಲಸವನ್ನೇ, ಅಂದರೆ ಬಿಸಿಲು, ನೀರು ಮತ್ತು ಗಾಳಿಯ ಇಂಗಾಲದಿಂದ ಆಹಾರ ಮಾಡುವ ಕೆಲಸವನ್ನು, ಇದು ನೀರಿನಲ್ಲಿ ತೇಲುತ್ತ ಮಾಡುತ್ತದೆ. ಸ್ಪಿರುಲಿನಾ ಇಂಥ ಜಾತಿಗಳಲ್ಲಿ ಒಂದು. ನೀಲಿ-ಹಸಿರು ಬಣ್ಣ, ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸ್ಪ್ರಿಂಗಿನ ಹಾಗೆ ಸುರುಳಿ. ಶಾಸ್ತ್ರಜ್ಞರು ಇದನ್ನು ಬ್ಯಾಕ್ಟೀರಿಯಾಗಳ ಕುಲಕ್ಕೆ ಸೇರಿಸುತ್ತಾರೆ, ಹೆಸರನ್ನೂ ಆಗಾಗ ಬದಲಿಸುತ್ತಾರೆ. ಅದು ಅವರ ಕೆಲಸ. ನಮಗೆ ಸ್ಪಿರುಲಿನಾ ಸಾಕು.

ಇದು ಹೊಸದಾಗಿ ಯಾರೋ ಹುಟ್ಟಿಸಿದ್ದಲ್ಲ. ಆಫ್ರಿಕಾದ ಚಾಡ್ ಸರೋವರದ ಸುತ್ತಿನ ಸವಳು ಕೊಳಗಳಲ್ಲಿ ಇದು ತಾನಾಗಿ ಬೆಳೆಯುತ್ತದೆ. ಅಲ್ಲಿಯ ಹೆಣ್ಣುಮಕ್ಕಳು ಬಟ್ಟೆಯಲ್ಲಿ, ಬುಟ್ಟಿಯಲ್ಲಿ ಸೋಸಿ, ಮರಳ ಮೇಲೆ ಹರಡಿ ಒಣಗಿಸಿ, ದಿಹೆ ಎಂಬ ಹೆಸರಿನಿಂದ ಸಂತೆಯಲ್ಲಿ ಮಾರುತ್ತಾರೆ, ಸಾರಿಗೆ ಹಾಕಿಕೊಳ್ಳುತ್ತಾರೆ. ಮೆಕ್ಸಿಕೋದಲ್ಲಿ ಸ್ಪೇನಿನವರು ಬರುವ ಮೊದಲು ಟೆಕ್ಸ್‌ಕೋಕೋ ಸರೋವರದಿಂದ ಹೀಗೆಯೇ ತೆಗೆದು ತಿನ್ನುತ್ತಿದ್ದರು. ಅದೇ ಜಾಗದಲ್ಲಿ 1970ರ ದಶಕದಲ್ಲಿ ಒಂದು ಸೋಡಾ ಕಾರಖಾನೆಯವರು ಇದನ್ನು ದೊಡ್ಡ ಪ್ರಮಾಣದಲ್ಲಿ ತೆಗೆಯತೊಡಗಿದರು. ಉಪ್ಪು-ಸೋಡಾದ ನೀರು, ಸುಡುವ ಬಿಸಿಲು: ಬೇರೆ ಯಾವುದೂ ಬದುಕದ ಕಡೆ ಬದುಕುವುದೇ ಇದರ ದೊಡ್ಡ ಗುಣ. ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿರಿ, ನಾನು ಮೋಸ ಹೋದದ್ದು ಇದನ್ನು ಮರೆತದ್ದರಿಂದಲೇ.

ನಮ್ಮ ನಾಡಿನಲ್ಲಿ ಈ ಕೆಲಸ ಗಟ್ಟಿಯಾಗಿ ನಡೆದದ್ದು ಮೈಸೂರಿನಲ್ಲಿ. ಅಲ್ಲಿಯ ಕೇಂದ್ರೀಯ ಆಹಾರ ಸಂಶೋಧನಾ ಸಂಸ್ಥೆ, ಅಂದರೆ ಸಿ.ಎಫ್.ಟಿ.ಆರ್.ಐ., 1970ರ ದಶಕದಲ್ಲಿ ಜರ್ಮನಿಯ ಸಹಕಾರದಿಂದ ಪಾಚಿಯ ಯೋಜನೆಯೊಂದನ್ನು ನಡೆಸಿತು. ಎಲ್. ವಿ. ವೆಂಕಟರಾಮನ್ ಮತ್ತು ಇ. ಡಬ್ಲ್ಯೂ. ಬೆಕರ್ ಅವರ ಹೆಸರು ಇದರಲ್ಲಿ ಮುಖ್ಯ. ಅವರು ಮೊದಲು ಬೆಳೆಸಿದ್ದು ಸ್ಪಿರುಲಿನಾ ಅಲ್ಲ, ಸೆನೆಡೆಸ್ಮಸ್ ಎಂಬ ಬೇರೆ ಹಸಿರು ಪಾಚಿಯನ್ನು. ಅದು ಬೆಳೆಯಿತು. ಆದರೆ ಕಣ ಎಷ್ಟು ಸಣ್ಣದೆಂದರೆ ಬಟ್ಟೆಯಲ್ಲಿ ನಿಲ್ಲುವುದಿಲ್ಲ. ನಮ್ಮ ಕಾರಖಾನೆಯಲ್ಲಿ ಸಕ್ಕರೆ ಬೇರ್ಪಡಿಸುವಂತೆ ತಿರುಗಿಸುವ ಸೆಂಟ್ರಿಫ್ಯೂಜ್ ಯಂತ್ರವೇ ಬೇಕು. ಮೇಲಾಗಿ ಅದರ ಕವಚ ಗಟ್ಟಿ. ಬಿಸಿ ಉರುಳೆಯ ಮೇಲೆ ಒಣಗಿಸಿ ಕವಚ ಒಡೆಯದಿದ್ದರೆ ಮನುಷ್ಯನ ಹೊಟ್ಟೆಗೆ ಅರಗುವುದಿಲ್ಲ. ಇಷ್ಟೆಲ್ಲ ಯಂತ್ರ ಹಳ್ಳಿಗೆ ಎಲ್ಲಿಂದ ಬರಬೇಕು? ಹೀಗೆ ಗಮನ ಸ್ಪಿರುಲಿನಾದ ಕಡೆ ಹೊರಳಿತು. ಅದು ಬಟ್ಟೆಯಲ್ಲಿ ನಿಲ್ಲುತ್ತದೆ, ಕವಚ ಮೆದು, ಬಿಸಿಲಲ್ಲಿ ಒಣಗುತ್ತದೆ. ಯಾವ ಜಾತಿ ಬೇಗ ಬೆಳೆಯುತ್ತದೆ ಎಂದು ಕೇಳದೆ, ಯಾವ ಜಾತಿಯನ್ನು ನೀರಿನಿಂದ ಹೊರಗೆ ತೆಗೆಯಬಹುದು ಎಂದು ಕೇಳಿದರು. ಈ ಪ್ರಶ್ನೆಯನ್ನು ನಮ್ಮ ತರುಣರಿಗೆ ಯಂತ್ರ ಮಾರಲು ಬಂದವರು ಎತ್ತುವುದೇ ಇಲ್ಲ.

ಚೆನ್ನೈಯ ಮುರುಗಪ್ಪ ಚೆಟ್ಟಿಯಾರ್ ಸಂಶೋಧನಾ ಕೇಂದ್ರದಲ್ಲಿ ಸಿ. ವಿ. ಶೇಷಾದ್ರಿ ಅವರು ಹಳ್ಳಿಯ ಮಟ್ಟದಲ್ಲಿ ಇದನ್ನು ಬೆಳೆಸಿ, ಎ ಜೀವಸತ್ವದ ಕೊರತೆಯಿರುವ ಚಿಕ್ಕ ಮಕ್ಕಳಿಗೆ ದಿನಕ್ಕೆ 1 ಗ್ರಾಂನಂತೆ ಕೊಟ್ಟು ಕಣ್ಣಿನ ಆರೋಗ್ಯದ ಮೇಲೆ ಆಗುವ ಪರಿಣಾಮ ನೋಡಿದರು. 1990ರ ದಶಕದಲ್ಲಿ ನಂಜನಗೂಡಿನಲ್ಲಿ ಬಲ್ಲಾರ್‌ಪುರ ಇಂಡಸ್ಟ್ರೀಸ್‌ನವರ ಸ್ಪಿರುಲಿನಾ ಘಟಕವಿತ್ತು. ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯಲ್ಲಿ ಪ್ಯಾರಿ ಕಂಪನಿಯವರು ದೊಡ್ಡ ತೆರೆದ ಕೊಳಗಳಲ್ಲಿ ಬೆಳೆದರು. ಅಂದರೆ ನಮ್ಮ ದೇಶದ ಬಿಸಿಲಿಗೆ ಇದು ಒಗ್ಗುತ್ತದೆ, ಅದರಲ್ಲಿ ಸಂಶಯವಿಲ್ಲ. ಸಂಶಯ ಬೇರೆ ಕಡೆ ಇದೆ.

ಈಗ ಬೆಳೆಸುವ ವಿಧಾನಕ್ಕೆ ಬರೋಣ. ಪಾಚಿ ಬೆಳೆಸುವ ಪಾತ್ರೆಗೆ ಬಯೋರಿಯಾಕ್ಟರ್ ಎಂಬ ದೊಡ್ಡ ಹೆಸರಿದೆ. ಹೆದರಬೇಕಾಗಿಲ್ಲ. ಅಕ್ವೇರಿಯಂ ಪಂಪಿನಿಂದ ಗಾಳಿ ಗುಳುಗುಳು ಬಿಡುವ ಗಾಜಿನ ಸೀಸೆಯೂ ಬಯೋರಿಯಾಕ್ಟರೇ, ಅಂಗಳದಲ್ಲಿ ಕಟ್ಟಿದ ಒಂದು ಗೇಣು ಆಳದ ಟಾಕಿಯೂ ಅದೇ. ಒಂದು ಒಳಗಿನದು, ಒಂದು ಹೊರಗಿನದು.

ಹೊರಗಿನ ಟಾಕಿ ಓಟದ ಮೈದಾನದ ಆಕಾರದ್ದು. ಉದ್ದನೆಯ ತೊಟ್ಟಿ, ನಡುವೆ ಒಂದು ಗೋಡೆ, ಎರಡೂ ತುದಿಯಲ್ಲಿ ನೀರು ತಿರುಗಿ ಬರಲು ದಾರಿ, ಒಂದು ಕಡೆ ಹುಟ್ಟಿನಂತೆ ನೀರನ್ನು ತಳ್ಳುವ ಚಕ್ರ. ಆಳ 15ರಿಂದ 30 ಸೆಂಟಿಮೀಟರ್ ಮಾತ್ರ, ಯಾಕೆಂದರೆ ಹಸಿರು ದಟ್ಟವಾದಾಗ ಬೆಳಕು ಕೆಲವು ಸೆಂಟಿಮೀಟರ್‌ಗಿಂತ ಕೆಳಗೆ ಇಳಿಯುವುದಿಲ್ಲ. ನೀರು ಚಲಿಸುತ್ತಿದ್ದರೆ ಕೆಳಗಿನದು ಮೇಲೆ ಬಂದು ತನ್ನ ಪಾಲಿನ ಬೆಳಕು ಪಡೆಯುತ್ತದೆ. ಸಣ್ಣ ಟಾಕಿಗೆ ಚಕ್ರ ಬೇಡ, ಕಸಬರಿಗೆಯಿಂದ ದಿನಕ್ಕೆ ಹಲವು ಸಲ ಕಲಕಿದರೂ ನಡೆಯುತ್ತದೆ.

ನೀರಿಗೆ ಹಾಕುವುದು ಮುಖ್ಯವಾಗಿ ತಿನ್ನುವ ಸೋಡಾ. ಫ್ರಾನ್ಸಿನ ಝಾರೂಕ್ ಎಂಬವರು 1966ರಲ್ಲಿ ಕೊಟ್ಟ ಪಾಕವೇ ಇಂದಿಗೂ ಅಳತೆಗೋಲು. ಲೀಟರಿಗೆ ಸೋಡಿಯಂ ಬೈಕಾರ್ಬೊನೇಟ್ 16.8 ಗ್ರಾಂ, ಸೋಡಿಯಂ ನೈಟ್ರೇಟ್ 2.5 ಗ್ರಾಂ, ಉಪ್ಪು 1 ಗ್ರಾಂ, ಪೊಟ್ಯಾಸಿಯಂ ಸಲ್ಫೇಟ್ 1 ಗ್ರಾಂ, ಪೊಟ್ಯಾಸಿಯಂ ಫಾಸ್ಫೇಟ್ ಅರ್ಧ ಗ್ರಾಂ, ಸ್ವಲ್ಪ ಮೆಗ್ನೀಸಿಯಂ, ಸುಣ್ಣ, ಕಬ್ಬಿಣ. ಖರ್ಚು ಉಳಿಸಲು ಸೋಡಾವನ್ನು ಅರ್ಧಕ್ಕೆ ಇಳಿಸುವವರೂ ಇದ್ದಾರೆ. ಒಂದು ಗುಂಟೆಯ ಟಾಕಿಯಲ್ಲಿ 20 ಸೆಂಟಿಮೀಟರ್ ನೀರು ನಿಲ್ಲಿಸಿದರೆ 20,000 ಲೀಟರ್. ಪೂರ್ತಿ ಪಾಕವಾದರೆ ಮೊದಲ ಸಲಕ್ಕೇ ಸೋಡಾ 336 ಕಿಲೋ, ನೈಟ್ರೇಟ್ 50 ಕಿಲೋ. ನೀರಿನ ಕ್ಷಾರತೆ, ಅಂದರೆ ಪಿ.ಎಚ್., 10ರ ಸುಮಾರಿಗೆ ಇರಬೇಕು. ಶಾಖ 35 ಡಿಗ್ರಿ ಆದರೆ ಅದಕ್ಕೆ ಹಬ್ಬ. 20ಕ್ಕಿಂತ ಕೆಳಗೆ ಇಳಿದರೆ ಮುದುಡಿ ಕೂಡುತ್ತದೆ.

ಇಳುವರಿ? ಚೆನ್ನಾಗಿ ನಡೆದ ತೆರೆದ ಟಾಕಿಯಲ್ಲಿ ಒಂದು ಚದರ ಮೀಟರಿಗೆ ದಿನಕ್ಕೆ ಒಣ ತೂಕ 8ರಿಂದ 10 ಗ್ರಾಂ. 8 ಎಂದು ಹಿಡಿಯಿರಿ. ಗುಂಟೆಗೆ ದಿನಕ್ಕೆ 800 ಗ್ರಾಂ ಆಯಿತು. ಕಬ್ಬಿಗಿಂತ ಹತ್ತು ಪಟ್ಟು, ಇಪ್ಪತ್ತು ಪಟ್ಟು ಎಂದು ಹೇಳುತ್ತಾರಲ್ಲ, ಆ ಲೆಕ್ಕವನ್ನೂ ನೋಡಿಬಿಡೋಣ. ಎಕರೆಗೆ 8 ಗ್ರಾಂನಂತೆ 300 ದಿನ ನಡೆದರೆ ಒಣ ಪಾಚಿ 9.7 ಟನ್. ಎಕರೆಗೆ 40 ಟನ್ ಕಬ್ಬು ಬಂದರೆ ಅದರಲ್ಲಿ ನೀರು ಕಳೆದು ಒಣ ಪದಾರ್ಥ ಸುಮಾರು 12 ಟನ್, ರವದಿ ಬೇರೆ. ತೂಕದ ಮಾತಿನಲ್ಲಿ ನಮ್ಮ ಕಬ್ಬು ಪಾಚಿಗೆ ಸೋಲುವುದಿಲ್ಲ, ಬಂಧುಗಳೇ! ಬಿಸಿಲನ್ನು ಹಿಡಿಯುವುದರಲ್ಲಿ ಕಬ್ಬಿನಂಥ ಬೆಳೆ ಭೂಮಿಯ ಮೇಲೆ ಕಡಿಮೆ. ಪಾಚಿಯ ಹೆಚ್ಚುಗಾರಿಕೆ ಇರುವುದು ಸತ್ವದಲ್ಲಿ: ಒಣಗಿದ ಸ್ಪಿರುಲಿನಾದಲ್ಲಿ ನೂರಕ್ಕೆ 55ರಿಂದ 70 ಭಾಗ ಪ್ರೋಟೀನು. ಕಬ್ಬಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಇದನ್ನು ಕಬ್ಬಿನ ಬದಲಿ ಬೆಳೆ ಎನ್ನದೆ, ಹೈನದಂಥ ಉಪಕಸುಬು ಎಂದು ನೋಡಬೇಕು. ಹೈನದಂತೆಯೇ ಮುಂಜಾನೆ-ಸಂಜೆ ತಪ್ಪದ ಕೆಲಸ.

ಒಳಗಿನ ರಿಯಾಕ್ಟರಿನ ಮಾತು ಬೇರೆ. ಗಾಜಿನ ನಳಿಕೆಗಳಲ್ಲಿ ಪಾಚಿ ಹರಿಸಿ ಬೆಳೆಸುವ ಯೋಚನೆ ಹಳೆಯದು. 1951ರಲ್ಲೇ ಅಮೆರಿಕದಲ್ಲಿ ಒಂದು ಕಟ್ಟಡದ ಮಾಳಿಗೆಯ ಮೇಲೆ ಪ್ಲಾಸ್ಟಿಕ್ ಕೊಳವೆಗಳಲ್ಲಿ ಕ್ಲೋರೆಲ್ಲಾ ಬೆಳೆಸಿ ನೋಡಿದರು. ಜರ್ಮನಿಯ ಕ್ಲೋಟ್ಸೆ ಎಂಬ ಊರಿನಲ್ಲಿ 2000ದ ಸುಮಾರಿಗೆ ಕಟ್ಟಿದ ಘಟಕದಲ್ಲಿ ಗಾಜಿನ ಮನೆಯೊಳಗೆ 500 ಕಿಲೋಮೀಟರ್ ಉದ್ದದ ಗಾಜಿನ ಕೊಳವೆ ಇದೆ. ಹುಪರಿಯಿಂದ ಮುಂಬಯಿಯನ್ನೂ ದಾಟುವಷ್ಟು ಕೊಳವೆ, ಮೂರು ಎಕರೆಯೊಳಗೆ! ಧೂಳು ಬೀಳುವುದಿಲ್ಲ, ಬೇರೆ ಪಾಚಿ ಸೇರುವುದಿಲ್ಲ, ನೀರು ಆರುವುದಿಲ್ಲ. ಆದರೆ ಆ ಖರ್ಚು ತಾಳುವುದು ಬೆಲೆಬಾಳುವ ಸರಕಿಗೆ ಮಾತ್ರ. ಹೆಮಟೊಕಾಕಸ್ ಎಂಬ ಪಾಚಿಯಿಂದ ಕೆಂಪು ಬಣ್ಣದ ಔಷಧೀಯ ಪದಾರ್ಥ ತೆಗೆಯುತ್ತಾರೆ. ಅದು ತೆರೆದ ನೀರಿನಲ್ಲಿ ಶುದ್ಧವಾಗಿ ಉಳಿಯದ ಸುಕುಮಾರ ಜಾತಿ, ಆದ್ದರಿಂದ ಗಾಜಿನ ಕೊಳವೆ ಬೇಕೇ ಬೇಕು. ಕ್ಷಾರದಲ್ಲಿ ತಾನೇ ತನ್ನನ್ನು ಕಾಯ್ದುಕೊಳ್ಳುವ ಸ್ಪಿರುಲಿನಾಕ್ಕೆ ಅದೇಕೆ?

ಬಿಸಿಲೂ ಬೇಡ, ಕೋಣೆಯೊಳಗೆ ದೀಪದಲ್ಲೇ ಬೆಳೆಯಿರಿ ಎನ್ನುವವರ ಲೆಕ್ಕವನ್ನು ಕೂಡ ಹಾಕಿದ್ದೇನೆ. ಒಂದು ಕಿಲೋ ಒಣ ಪಾಚಿಯಲ್ಲಿ ಅಡಗಿರುವ ಶಕ್ತಿ ಸುಮಾರು 6 ಯುನಿಟ್ ವಿದ್ಯುತ್ತಿಗೆ ಸಮ. ದೀಪವು ವಿದ್ಯುತ್ತಿನ ಅರ್ಧದಷ್ಟನ್ನು ಬೆಳಕು ಮಾಡುತ್ತದೆ. ಆ ಬೆಳಕಿನಲ್ಲಿ ಪಾಚಿ ಕೂಡಿಡುವುದು ನೂರಕ್ಕೆ ಐದು, ಬಹಳವಾದರೆ ಹತ್ತು ಭಾಗ. ಅಂದರೆ ಕಿಲೋಗೆ ದೀಪಕ್ಕೇ 120ರಿಂದ 240 ಯುನಿಟ್. ನಿಮ್ಮ ಮನೆಯ ಬಿಲ್ಲಿನ ದರದಿಂದ ಗುಣಿಸಿ ನೋಡಿರಿ. ಮೇಲೆ ಹೊತ್ತು ಮುಳುಗುವ ತನಕ ಪುಕ್ಕಟೆ ಸೂರ್ಯನಿದ್ದಾನೆ.

ಹಾಗಾದರೆ ಒಳಗಿನ ಸೀಸೆ ಬೇಡವೇ? ಬೇಕು, ಬೀಜಕ್ಕಾಗಿ. ಕಬ್ಬಿಗೆ ಬೀಜದ ಪ್ಲಾಟು ಬೇರೆ ಇಟ್ಟು ಕಾಪಾಡುತ್ತೇವಲ್ಲವೇ, ಹಾಗೆ. ಕಿಟಕಿಯ ಪಕ್ಕ ನೇರ ಬಿಸಿಲು ಬೀಳದ ಕಡೆ ನಾಲ್ಕು ಸೀಸೆಗಳಲ್ಲಿ ಶುದ್ಧ ತಳಿ ಇರಬೇಕು. ಹೊರಗೆ ಟಾಕಿ ಕೆಟ್ಟರೂ ಒಳಗೆ ಬೀಜ ಉಳಿದಿರುತ್ತದೆ. ಒಳಗಿನದು ಬೀಜದ ಮನೆ, ಹೊರಗಿನದು ಹೊಲ. ಬೀಜದ ಮನೆಯಲ್ಲಿ ಫಸಲು ತೆಗೆಯುತ್ತೇನೆ ಎಂದು ಹೊರಟವನ ಕೈಯಲ್ಲಿ ಬಿಲ್ಲು ಉಳಿಯುತ್ತದೆ. ಕಾರಖಾನೆ ಕೊಡುವ ಬಿಲ್ಲಲ್ಲ, ವಿದ್ಯುತ್ತಿನ ಬಿಲ್ಲು.

ಇನ್ನು ನನ್ನ ಕಥೆ. ನಿವೃತ್ತಿಯ ನಂತರ ಮನೆಯ ಹಿಂದೆ ಮೂವತ್ತು ಅಡಿ ಉದ್ದ, ಏಳು ಅಡಿ ಅಗಲದ ಟಾಕಿ ಮಾಡಿ ಒಳಗೆ ಪ್ಲಾಸ್ಟಿಕ್ ಹಾಸಿದೆ. ಎಂಟು ಅಂಗುಲ ನೀರಿಗೆ ಸುಮಾರು 4,000 ಲೀಟರ್. ಒಬ್ಬ ವ್ಯಾಪಾರಿ ಒಳ್ಳೆಯ ಬೆಲೆಗೆ 20 ಲೀಟರ್ ಬೀಜದ ನೀರು ಕೊಟ್ಟ. ಏಪ್ರಿಲ್ ತಿಂಗಳ ಬಿಸಿಲು, ಉತ್ಸಾಹ ಬೇರೆ; ಒಮ್ಮೆಗೇ ಟಾಕಿಗೆ ಸುರಿದೆ. ಮೂರನೆಯ ದಿನ ಹಸಿರು ಹಳದಿಯಾಯಿತು, ಐದನೆಯ ದಿನ ಮುದ್ದೆಮುದ್ದೆಯಾಗಿ ತಳ ಸೇರಿತು. ಕಾರಣ ಆಮೇಲೆ ತಿಳಿಯಿತು. ನೀರು ತಿಳಿಯಾಗಿದ್ದಾಗ ಒಂದೊಂದು ಎಳೆಯ ಮೇಲೂ ಪೂರ್ಣ ಬಿಸಿಲು ಬಿದ್ದು ಅದು ಸುಟ್ಟುಹೋಗುತ್ತದೆ. ದಟ್ಟವಾಗಿದ್ದರೆ ಒಂದಕ್ಕೊಂದು ನೆರಳು. 20 ಲೀಟರನ್ನು 100 ಮಾಡಬೇಕು, ಅದು ದಟ್ಟವಾದ ಮೇಲೆ 500, ಆಮೇಲೆ ಟಾಕಿಯ ಒಂದು ಮೂಲೆ. ಮೊದಲ ದಿನಗಳಲ್ಲಿ ಮೇಲೆ ನೆರಳಿನ ಜಾಳಿಗೆ. ನಾನು ಇನ್ನೂರು ಪಟ್ಟು ತೆಳುಮಾಡಿದ್ದೆ.

ಎರಡನೆಯ ಸಲ ಈ ತಪ್ಪು ಮಾಡಲಿಲ್ಲ. ಟಾಕಿ ಕಡುಹಸಿರಾಗಿ ಬಂತು. ಅಷ್ಟರಲ್ಲಿ ಮುಂಗಾರಿಗೆ ಮುಂಚಿನ ಗುಡುಗಿನ ಮಳೆ ಎರಡು ಸಂಜೆ ಹೊಡೆಯಿತು. ಸೋಡಾದ ನೀರು ತೆಳುವಾಯಿತು, ಪಿ.ಎಚ್. ಇಳಿಯಿತು. ನೀರೇನೋ ಮತ್ತೂ ಹಸಿರಾಗಿಯೇ ಇತ್ತು, ನಾನು ಸಂತೋಷಪಟ್ಟೆ. ಬಟ್ಟೆಯಲ್ಲಿ ಸೋಸಿದರೆ ಹಸಿರೆಲ್ಲ ಬಟ್ಟೆಯಿಂದ ಹಾಯ್ದು ಕೆಳಗೆ ಹೋಯಿತು! ಕ್ಲೋರೆಲ್ಲಾ ಬಂದು ಮನೆ ಮಾಡಿತ್ತು. ಸ್ಪಿರುಲಿನಾದ ಕೋಟೆಯೇ ಸೋಡಾ. ಕೋಟೆ ಸಡಿಲಾದರೆ ಕಂಡಕಂಡವರು ಒಳನುಗ್ಗುತ್ತಾರೆ. ಹಸಿರಾಗಿದ್ದ ಮಾತ್ರಕ್ಕೆ ಬೆಳೆ ನಮ್ಮದಲ್ಲ, ಕಳೆಯೂ ಹಸಿರೇ. ಕಣ್ಣಿಗೆ ಗೊತ್ತಾಗುವುದಿಲ್ಲ, ಬಟ್ಟೆಗೆ ಗೊತ್ತಾಗುತ್ತದೆ; ಒಂದು ಸಾಧಾರಣ ಸೂಕ್ಷ್ಮದರ್ಶಕ ಇದ್ದರೆ ಇನ್ನೂ ಮೊದಲೇ ಗೊತ್ತಾಗುತ್ತದೆ. ಟಾಕಿಗೆ ಮೇಲ್ಛಾವಣಿ ಇಲ್ಲದೆ ನಮ್ಮ ಭಾಗದಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಈ ಕೆಲಸದ ಹೆಸರೆತ್ತಬೇಡಿರಿ.

ಮೂರನೆಯ ಸಲ ಬೆಳೆ ಬಂತು. ಕೊಯ್ಲಿಗೆ ಬಂತೇ ಎಂದು ತಿಳಿಯುವುದಕ್ಕೆ ಸುಲಭ ಉಪಾಯವಿದೆ. ಒಂದು ಕಡ್ಡಿಯ ತುದಿಗೆ ಬಿಳಿಯ ಬಿಲ್ಲೆ ಕಟ್ಟಿ ನೀರಲ್ಲಿ ಇಳಿಸಿರಿ. ಎರಡು ಸೆಂಟಿಮೀಟರಿಗೇ ಬಿಲ್ಲೆ ಮಾಯವಾದರೆ ಸೋಸಬಹುದು. ಮೂರಕ್ಕಿಂತ ಕೆಳಗೂ ಕಾಣುತ್ತಿದ್ದರೆ ಕೈ ಹಾಕಬೇಡಿರಿ. ಮುಂಜಾನೆ ಸೋಸಿ, ಸೋಡಾ ಹೋಗುವಂತೆ ಶುದ್ಧ ನೀರಲ್ಲಿ ತೊಳೆದು, ಬಟ್ಟೆಯಲ್ಲಿ ಕಟ್ಟಿ ಮೇಲೆ ಭಾರವಿಟ್ಟು ಹಿಂಡಿದರೆ ಖೋವೆಯಂಥ ಮುದ್ದೆ ಬರುತ್ತದೆ. ಐದು ಕಿಲೋ ಮುದ್ದೆ ಒಣಗಿದರೆ ಒಂದು ಕಿಲೋ. ನಾನು ಮುದ್ದೆಯನ್ನು ತಟ್ಟೆಯಲ್ಲಿ ದಪ್ಪಗೆ ಹರಡಿ ಇಟ್ಟಿದ್ದೆ. ಸಂಜೆಯೊಳಗೆ ನಾತ ಹೊಡೆಯಿತು. ನಮ್ಮ ಮನೆಯವರು ನೋಡಿ ನಕ್ಕು, ಚಕ್ಕಲಿ ಒತ್ತುವ ಸೋರ್ಯಾ ತಂದು ಸಣ್ಣ ಶೇವಿನಂತೆ ಎಳೆ ಎಳೆಯಾಗಿ ಜಾಳಿಗೆಯ ಮೇಲೆ ಒತ್ತಿದರು. ಮಧ್ಯಾಹ್ನಕ್ಕೆ ಗರಿಗರಿ ಒಣಗಿತ್ತು. ಪುಸ್ತಕ ಓದಿದವನು ನಾನು, ದಾರಿ ಕಂಡವರು ಅವರು. ಹಳ್ಳಿಯಲ್ಲಿ ಸ್ಪಿರುಲಿನಾ ಮಾಡುವ ಕಡೆಗಳಲ್ಲೆಲ್ಲ ಇದೇ ಪದ್ಧತಿ ಎಂದು ಆಮೇಲೆ ತಿಳಿದೆ.

ಒಣಗಿಸುವಾಗ ಇನ್ನೊಂದು ತೊಡಕು ನಮ್ಮ ಭಾಗಕ್ಕೇ ವಿಶೇಷ. ಪಾಚಿಗೆ ಒಳ್ಳೆಯ ಕಾಲ ಅಕ್ಟೋಬರದಿಂದ ಮೇ ತನಕ. ಅದರಲ್ಲೂ ಡಿಸೆಂಬರ್-ಜನವರಿಯ ರಾತ್ರಿಗಳಲ್ಲಿ ಮಂದ. ಕಬ್ಬು ನುರಿಸುವ ಹಂಗಾಮೂ ಅದೇ ಕಾಲಕ್ಕೆ. ಚಿಮಣಿಯ ಮಸಿ, ರವದಿ ಸುಟ್ಟ ಕರಿ ಗಾಳಿಯಲ್ಲಿ ಹಾರಿ ಎಲ್ಲಿ ಬೀಳುತ್ತದೆ ಎಂದು ಬಟ್ಟೆ ಒಣಹಾಕುವ ನಮ್ಮ ತಾಯಂದಿರಿಗೆ ಗೊತ್ತು. ತಿನ್ನುವ ಪದಾರ್ಥದ ಮೇಲೆ ಅದು ಬೀಳಬಾರದು. ಒಣಗಿಸುವುದು ಮುಚ್ಚಿದ ಸೌರಪೆಟ್ಟಿಗೆಯಲ್ಲೇ ಆಗಬೇಕು. ಕಬ್ಬಿನ ಕಟಾವಿನ ದಿನ ಟಾಕಿ ಯಾರು ಕಲಕುತ್ತಾರೆ ಎಂಬುದನ್ನೂ ಮನೆಯಲ್ಲಿ ಮೊದಲೇ ಕೇಳಿಕೊಳ್ಳಿರಿ.

ನನ್ನ ಟಾಕಿಯಿಂದ ಒಳ್ಳೆಯ ದಿನಗಳಲ್ಲಿ ನೂರು ಗ್ರಾಂ ಆಸುಪಾಸು ಒಣ ಪಾಚಿ ಬಂತು. ಹದಿನೈದು ಕಿಲೋ ಕೂಡಿದ ಮೇಲೆ ಕೊಳ್ಳುತ್ತೇನೆಂದವನಿಗೆ ಫೋನು ಮಾಡಿದೆ. ಮೊದಲು ನಾಳೆ ಎಂದ, ಆಮೇಲೆ ಪರೀಕ್ಷೆಯ ಸರ್ಟಿಫಿಕೇಟು ಬೇಕೆಂದ, ಆಮೇಲೆ ಫೋನು ಎತ್ತಲಿಲ್ಲ. ತಪ್ಪು ಅವನದು ಎಷ್ಟೋ ನನ್ನದೂ ಅಷ್ಟೇ. ತಿನ್ನುವ ಪದಾರ್ಥ ಮಾರಬೇಕಾದರೆ ಆಹಾರ ಸುರಕ್ಷಾ ಪ್ರಾಧಿಕಾರದ ಲೈಸೆನ್ಸು ಬೇಕು, ತೇವಾಂಶ, ರೋಗಾಣು, ಸೀಸ-ಪಾದರಸದಂಥ ಲೋಹಗಳ ಪರೀಕ್ಷೆ ಬೇಕು. ಹದಿನೈದು ಕಿಲೋಗೆ ಆ ಖರ್ಚು ಯಾರು ತಾಳುತ್ತಾರೆ? ಪುಡಿಯನ್ನು ನೆಂಟರಿಷ್ಟರಿಗೆ ಹಂಚಿದೆವು. ಮೊಮ್ಮಕ್ಕಳು ರೊಟ್ಟಿಯಲ್ಲಿ ಹಾಕಿದರೆ ಹಸಿರು ರೊಟ್ಟಿ ಎಂದು ಮೂಗು ಮುಚ್ಚಿದರು. ಮೈಸೂರಿನವರು ಬೆಲ್ಲ-ಶೇಂಗಾದ ಚಿಕ್ಕಿಯಲ್ಲಿ ಇದನ್ನು ಬೆರೆಸಿದ್ದು ಸುಮ್ಮನೆ ಅಲ್ಲ. ಬೆಲ್ಲ ಎಂಥ ವಾಸನೆಯನ್ನೂ ನುಂಗುತ್ತದೆ.

ಔಷಧಿಯ ಹಾಗೆ ಹೊಗಳುವ ಮಾತುಗಳಲ್ಲಿ ಒಂದನ್ನು ಇಲ್ಲೇ ತಿದ್ದಬೇಕು. ಶಾಕಾಹಾರಿಗಳಿಗೆ ಬಿ-12 ಜೀವಸತ್ವ ಇದರಲ್ಲಿ ಸಿಗುತ್ತದೆ ಎನ್ನುತ್ತಾರೆ. ಸ್ಪಿರುಲಿನಾದಲ್ಲಿ ಇರುವುದು ಬಹುಪಾಲು ಅದರ ತದ್ರೂಪ. ಮನುಷ್ಯನ ಮೈಗೆ ಅದು ಕೆಲಸಕ್ಕೆ ಬಾರದು. ಬಿ-12 ಕಡಿಮೆ ಎಂದು ಡಾಕ್ಟರು ಹೇಳಿದ್ದರೆ ಅವರು ಬರೆದ ಔಷಧಿಯನ್ನೇ ತೆಗೆದುಕೊಳ್ಳಿರಿ.

ಇನ್ನು ನೀರು. ಸ್ಪಿರುಲಿನಾ ನೀರಿನಲ್ಲಿರುವ ಲೋಹವನ್ನು ತನ್ನ ಮೈಗೆ ಹಿಡಿದುಕೊಳ್ಳುತ್ತದೆ. ಹುಪರಿ ಬೆಳ್ಳಿಯ ಊರು. ಇಲ್ಲಿಯ ಕಾಲ್ಗೆಜ್ಜೆ ಎಲ್ಲೆಲ್ಲಿಗೋ ಹೋಗುತ್ತದೆ, ಅದು ನಮ್ಮ ಹೆಮ್ಮೆ. ಆದರೆ ಬೆಳ್ಳಿ ತೊಳೆಯುವ, ಹೊಳಪು ಕೊಡುವ ಕೆಲಸದಲ್ಲಿ ಆಮ್ಲ ಇರುತ್ತದೆ, ಲೋಹ ಇರುತ್ತದೆ. ಕರಗಿದ ಬೆಳ್ಳಿ ಮತ್ತು ತಾಮ್ರ ಪಾಚಿಗೆ ವಿಷ; ಕೆರೆಯ ಪಾಚಿ ಕೊಲ್ಲಲು ಮೈಲುತುತ್ತು ಹಾಕುವುದನ್ನು ನೀವು ಕೇಳಿದ್ದೀರಿ. ಊರೊಳಗಿನ ಬೋರಿನ ನೀರನ್ನು ಪರೀಕ್ಷೆ ಮಾಡಿಸದೆ ಟಾಕಿಗೆ ಬಿಡಬೇಡಿರಿ. ಹಾಗೆಯೇ ಪಂಚಗಂಗೆಯ ಅಥವಾ ಯಾವುದೇ ಹಳ್ಳದ ಹಸಿರು ನೀರನ್ನು ಬೀಜವೆಂದು ತರಬೇಡಿರಿ. ಗೊಬ್ಬರ ಮತ್ತು ಹೊಲಸು ಸೇರಿದ ನಿಂತ ನೀರಿನಲ್ಲಿ ಬೆಳೆಯುವ ಮೈಕ್ರೋಸಿಸ್ಟಿಸ್ ಎಂಬ ಜಾತಿಯೂ ನೀಲಿ-ಹಸಿರೇ. ಅದರ ವಿಷ ಯಕೃತ್ತಿಗೆ ತಗಲುತ್ತದೆ.

ಕಾರಖಾನೆಯ ಪಾತ್ರವೇನು ಎಂದು ಕೆಲವರು ಕೇಳಿದ್ದೀರಿ. ಪಾಚಿಯ ಬಾಯಿಗೆ ಬೇಕಾದದ್ದು ಇಂಗಾಲ. ಒಂದು ಕಿಲೋ ಒಣ ಪಾಚಿ ಬೆಳೆಯಲು ಸುಮಾರು 1.8 ಕಿಲೋ ಇಂಗಾಲದ ಡೈಆಕ್ಸೈಡ್ ಬೇಕು; ತಿನ್ನುವ ಸೋಡಾ ಹಾಕುವುದರ ಒಂದು ಉದ್ದೇಶ ಇದೇ. ಈ ಅನಿಲವನ್ನು ಡಿಸ್ಟಿಲರಿಗಳು ಪುಕ್ಕಟೆ ಹೊರಹಾಕುತ್ತವೆ. ಕಾಕಂಬಿ ಹುದುಗಿ ಒಂದು ಲೀಟರ್ ಮದ್ಯಸಾರ ಆಗುವಾಗ ಮುಕ್ಕಾಲು ಕಿಲೋ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ, ಅದೂ ಬಹಳ ಶುದ್ಧವಾಗಿ. ಬಾಯ್ಲರ್ ಹೊಗೆಯಂತೆ ಮಸಿ, ಬೂದಿ ಅದರಲ್ಲಿಲ್ಲ. ದಿನಕ್ಕೆ 30,000 ಲೀಟರ್ ಮಾಡುವ ಡಿಸ್ಟಿಲರಿಯಲ್ಲಿ ಇದು 22 ಟನ್ನಿಗೂ ಮಿಕ್ಕುತ್ತದೆ. ಅರ್ಧ ಗಾಳಿಗೆ ಹೋಯಿತೆಂದರೂ ದಿನಕ್ಕೆ 6 ಟನ್ ಪಾಚಿಗೆ ಸಾಕು. ಆದರೆ 6 ಟನ್ನಿಗೆ ಟಾಕಿ ಎಷ್ಟು ಬೇಕು? 8 ಗ್ರಾಂನ ಲೆಕ್ಕದಲ್ಲಿ 180 ಎಕರೆಗೂ ಹೆಚ್ಚು. ಅಷ್ಟು ನೆಲಕ್ಕೆ ಸಿಮೆಂಟು ಹಾಕಿಸುವ ಸಂಚಾಲಕ ಮಂಡಳಿಯನ್ನು ನೀವು ಮುಂದಿನ ಸಲ ಆರಿಸುವುದಿಲ್ಲ! ಒಂದೆರಡು ಎಕರೆಯಲ್ಲಿ ನೋಡಬಹುದಾದ ಪ್ರಯೋಗ ಇದು, ಅದೂ ಬಲ್ಲವರ ಕಣ್ಣೆದುರಿನಲ್ಲಿ. ಈ ಅನಿಲ ಗಾಳಿಗಿಂತ ಭಾರ, ತಗ್ಗಿನಲ್ಲಿ ನಿಂತು ಉಸಿರು ಕಟ್ಟಿಸುತ್ತದೆ. ಹುದುಗಿನ ಟಾಕಿಗೆ ಇಳಿಯುವ ಕೆಲಸಗಾರರಿಗೆ ಇದರ ಅಪಾಯ ಗೊತ್ತೇ ಇದೆ.

ಡಿಸ್ಟಿಲರಿಯ ಸ್ಪೆಂಟ್‌ವಾಶ್‌ನಲ್ಲೇ ಪಾಚಿ ಬೆಳೆದು ಕೊಳೆಯನ್ನೂ ತೆಗೆಯಬಾರದೇಕೆ ಎಂಬುದು ಇನ್ನೊಂದು ಪ್ರಶ್ನೆ. ಅದರ ಬಣ್ಣ ಕಡುಕಂದು, ಬೆಳಕನ್ನು ಒಳಗೆ ಬಿಡುವುದಿಲ್ಲ. ಗೋಬರ್ ಗ್ಯಾಸಿನಂಥ ಘಟಕದಲ್ಲಿ ಹಾಯಿಸಿ, ಬಹಳ ನೀರು ಬೆರೆಸಿದ ಮೇಲೆ ಪ್ರಯೋಗಗಳು ನಡೆದಿವೆ. ಆದರೆ ಕೊಳೆನೀರಿನಲ್ಲಿ ಬೆಳೆದದ್ದು ಮನುಷ್ಯರ ತಟ್ಟೆಗೆ ಬರಕೂಡದು. ಶುದ್ಧೀಕರಣದ ಕೆಲಸ ಬೇರೆ, ಆಹಾರದ ಕೆಲಸ ಬೇರೆ. ಎರಡನ್ನೂ ಒಂದೇ ಟಾಕಿಯಲ್ಲಿ ಮಾಡುತ್ತೇನೆಂದು ಹೇಳಿದವರನ್ನು ಬಾಗಿಲಲ್ಲೇ ನಿಲ್ಲಿಸಿರಿ. ಪಾಚಿಯಿಂದ ಡೀಸೆಲ್ ತೆಗೆಯುವ ಮಾತೂ ಅಷ್ಟೇ. ಅಮೆರಿಕ ಸರಕಾರ 1978ರಿಂದ 1996ರ ತನಕ ಇದಕ್ಕಾಗಿಯೇ ಯೋಜನೆ ನಡೆಸಿತು, ಮರುಭೂಮಿಯಲ್ಲಿ ಕೊಳ ಕಟ್ಟಿತು. ಎಣ್ಣೆ ಬಂತು, ಆದರೆ ಬಂಕಿನ ದರಕ್ಕೆ ಹೊಂದಲಿಲ್ಲ, ಯೋಜನೆ ಮುಚ್ಚಿತು.

ಇಷ್ಟು ಕೇಳಿ, ಮಾಡಬೇಡಿರಿ ಎಂದು ಹೇಳುತ್ತಿದ್ದಾನೆ ಎಂದುಕೊಳ್ಳಬೇಡಿರಿ. ನನ್ನ ಟಾಕಿ ಇಂದಿಗೂ ಇದೆ. ನಾನು ಹೇಳುವುದು ಕ್ರಮವನ್ನು. ಮೊದಲು ಸೀಸೆ, ಒಂದು ವರ್ಷ. ಆಮೇಲೆ ಸಣ್ಣ ಟಾಕಿ, ಛಾವಣಿ ಸಹಿತ. ಕೊಳ್ಳುವವರ ಬರಹದ ಕರಾರು ಕೈಗೆ ಬಂದ ಮೇಲೆ, ಪ್ಲಾಟಿನ ಒಂದು ಕಬ್ಬನ್ನಾದರೂ ಮುಟ್ಟುವ ಯೋಚನೆ ಮಾಡಿರಿ. ಹತ್ತು ಮನೆಗಳು ಕೂಡಿದರೆ ಒಣಗಿಸುವ ಪೆಟ್ಟಿಗೆ, ಪರೀಕ್ಷೆ, ಲೈಸೆನ್ಸು ಇವನ್ನು ಒಂದೇ ಕಡೆ ಮಾಡಿಕೊಳ್ಳಬಹುದು. ಒಬ್ಬೊಬ್ಬರೇ ಗಾಣ ಹೂಡುವ ಬದಲು ಕೂಡಿ ಕಾರಖಾನೆ ಕಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮೂರಿನ ಆ ತರುಣ ಮುಂಗಡ ಹಿಂದಕ್ಕೆ ಕೇಳಲು ಹೋಗಿದ್ದ, ಅರ್ಧ ಸಿಕ್ಕಿತು. ಈಗ ಅವನ ಮನೆಯ ಕಿಟಕಿಯಲ್ಲಿ ಮೂರು ಸೀಸೆಗಳಿವೆ. ಬೀಜ ನಾನೇ ಕೊಟ್ಟೆ.

ಹಿಂದಿನ ಸಾಲಿನಿಂದ ಒಬ್ಬ ತಾಯಿ ಎಮ್ಮೆಗೆ ಇದನ್ನು ಹಾಕಬಹುದೇ ಎಂದು ಕೇಳುತ್ತಿದ್ದಾರೆ. ಒಣಪುಡಿಯನ್ನು ಚೂರು ಹಾಕಿದರೆ ತೊಂದರೆಯಿಲ್ಲ, ಆದರೆ ಇಷ್ಟು ಬೆಲೆಯ ಪದಾರ್ಥ ಎಮ್ಮೆಗೆ ಗಿಟ್ಟುವುದಿಲ್ಲ, ಅದಕ್ಕೆ ಅಜೋಲ್ಲಾ ಸಾಕು. ಟಾಕಿಯ ನೀರನ್ನು ಮಾತ್ರ ದನ ಕುಡಿಯಬಾರದು ಅವ್ವಾ, ಅದರಲ್ಲಿ ನೈಟ್ರೇಟ್ ಇದೆ, ಒಂದು ಬಾನಿಯಷ್ಟು ಹೀರಿದರೆ ಜೀವಕ್ಕೇ ಅಪಾಯ. ಟಾಕಿ ಕಟ್ಟುವ ಮೊದಲು ಸುತ್ತ ಬೇಲಿ ಹಾಕಿಸಿರಿ, ಮಕ್ಕಳಿಗೂ ಅದು ಬೇಕು.